ಬೇಲಿಯೊಳಗಿನ ಬಯಲು: ಪುಣೆ ದಂಡಿನ ಒಂದು ಶಾಲೆ ಮತ್ತು ನಾವು

ಪುಣೆಯೊಂದಿಗೆ ಕನ್ನಡಿಗರಿಗಿರುವ ನಂಟನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಹಿಡಿಯುವುದು ಒಂದೇ ದಾರಿ. ಧಾರವಾಡದಲ್ಲಿ 1917ರಲ್ಲಿ ಕರ್ನಾಟಕ ಕಾಲೇಜು ಬಾಗಿಲು ತೆರೆಯುವವರೆಗೆ ಉತ್ತರ ಕರ್ನಾಟಕದ ಹುಡುಗರು ಪದವಿಗಾಗಿ ಬಹುಮಟ್ಟಿಗೆ ಪುಣೆ ಮುಂಬಯಿಗಳ ಕಡೆಗೇ ಮುಖಮಾಡಬೇಕಾಗಿತ್ತು ಎಂಬಲ್ಲಿಂದ ಆ ದಾರಿ ಹೊರಡುತ್ತದೆ. ಫರ್ಗ್ಯೂಸನ್ ಕಾಲೇಜಿನಲ್ಲಿ ಓದುತ್ತಿದ್ದ ಬೇಂದ್ರೆಯವರನ್ನು ಮಾತನಾಡಿಸಿಕೊಂಡು, ಸವಾಯಿ ಗಂಧರ್ವರ ಹೆಸರಿನ ಸಂಗೀತೋತ್ಸವವನ್ನು ಕಟ್ಟಿದ ಭೀಮಸೇನ ಜೋಶಿಯವರಿಗೆ ನಮಸ್ಕರಿಸಿ, ಕನ್ನಡ ಸಂಘದ ಬಾಗಿಲಿಗೆ ಬಂದು ನಿಲ್ಲುತ್ತದೆ. ದಾರಿ ಸರಿಯಾದದ್ದೇ. ಆದರೆ ಅದು ಹಾದುಹೋಗುವುದು ಒಂದೇ ಪುಣೆಯ ಮೂಲಕ: ಪೇಠಗಳ, ವಾಡೆಗಳ, ಕಾಲೇಜುಗಳ ಪುಣೆ. ರೈಲು ನಿಲ್ದಾಣದ ಆಚೆಗೆ ಹಬ್ಬಿಕೊಂಡಿರುವ ಇನ್ನೊಂದು ಪುಣೆಯನ್ನು, ಇಲ್ಲಿನವರು ‘ಕ್ಯಾಂಪ್’ ಎಂದು ಕರೆಯುವ ದಂಡಿನ ಪ್ರದೇಶವನ್ನು, ನಮ್ಮ ಚರಿತ್ರೆಕಾರರು ಒಳಹೊಕ್ಕು ನೋಡಿದ್ದು ಕಡಿಮೆ. ಬೆಂಗಳೂರಿನ ಪೇಟೆಯನ್ನು ಬರೆದು ದಂಡನ್ನು ಬಿಟ್ಟಂತೆ ಇದು.

ಆ ಕ್ಯಾಂಪಿನ ನಡುವೆ ಸೇಂಟ್ ವಿನ್ಸೆಂಟ್ಸ್ ಹೈಸ್ಕೂಲ್ ಇದೆ. 1867ರಲ್ಲಿ ಸ್ಥಾಪನೆಯಾದ ಈ ಕ್ಯಾಥೊಲಿಕ್ ಶಾಲೆಯನ್ನು ನಡೆಸುವವರು ಯೇಸುಸಭೆಯ ಪಾದ್ರಿಗಳು, ಅಂದರೆ ಜೆಸ್ವಿಟರು. ಪುಣೆಯಲ್ಲಿ ಇದರ ಹೆಸರು ಹೇಳಿದರೆ ಜನ ಮೊದಲು ನೆನೆಯುವುದು ಪರೀಕ್ಷೆಯ ಫಲಿತಾಂಶವನ್ನಲ್ಲ, ಹಾಕಿ ಮತ್ತು ಫುಟ್ಬಾಲನ್ನು. ಒಂದು ಶಾಲೆಗೆ ಇಂಥ ಕೀರ್ತಿ ಹೇಗೆ ಬಂತು, ಅದು ಯಾರ ಮಕ್ಕಳ ಪಾಲಿಗೆ ಒದಗಿತು, ಯಾರ ಪಾಲಿಗೆ ಒದಗಲಿಲ್ಲ ಎಂಬುದನ್ನು ಹಿಡಿದು ಹೊರಟರೆ, ಧಾರವಾಡ ಬೆಳಗಾವಿಗಳು ಮತ್ತೆ ಮತ್ತೆ ಅಡ್ಡ ಬರುತ್ತವೆ. ಈ ಲೇಖನ ಬರೆಯಲು ಅದೇ ಕಾರಣ.

1860ರ ದಶಕದ ಪುಣೆಯನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಖಡಕಿಯ ಯುದ್ಧದಲ್ಲಿ ಪೇಶ್ವೆ ಸೋತು ಆಗಲೇ ಅರ್ಧ ಶತಮಾನವಾಗುತ್ತಿತ್ತು. ಊರಿನ ಮೂಡಲಿಗೆ ಬ್ರಿಟಿಷ್ ಸೈನ್ಯದ ದಂಡು ಬೀಡುಬಿಟ್ಟು ತಾನೇ ಒಂದು ಊರಾಗಿತ್ತು. 1863ರಲ್ಲಿ ಬೋರ್ ಘಾಟಿನ ಕಡಿದಾದ ರೈಲುದಾರಿ ತೆರೆದು ಮುಂಬಯಿ ಮತ್ತು ಪುಣೆಗಳ ನಡುವಿನ ಅಂತರ ಕೆಲವು ಗಂಟೆಗಳಿಗೆ ಇಳಿಯಿತು. ಮಳೆಗಾಲದಲ್ಲಿ ಮುಂಬಯಿ ಸರ್ಕಾರವೇ ಇಲ್ಲಿಗೆ ಏರಿಬರುತ್ತಿತ್ತು. ಸೈನಿಕರು, ರೈಲ್ವೆ ನೌಕರರು, ಗುಮಾಸ್ತರು, ಅವರನ್ನು ನಂಬಿಕೊಂಡ ಗೋವೆಯ ಅಡಿಗೆಯವರು, ವಾದ್ಯಗಾರರು, ಪಾರ್ಸಿ ವ್ಯಾಪಾರಿಗಳು ಇಷ್ಟೂ ಜನ ಸೇರಿದ ಮೇಲೆ ಮಕ್ಕಳಿಗೆ ಶಾಲೆ ಬೇಕು. 1860ರಲ್ಲಿ ಹೆಣ್ಣುಮಕ್ಕಳಿಗಾಗಿ ಜೀಸಸ್ ಅಂಡ್ ಮೇರಿ ಕಾನ್ವೆಂಟ್, 1864ರಲ್ಲಿ ಆಂಗ್ಲಿಕನ್ ಪಂಥದ ಬಿಷಪ್ಸ್ ಸ್ಕೂಲ್, 1867ರಲ್ಲಿ ಸೇಂಟ್ ವಿನ್ಸೆಂಟ್ಸ್ ಹೀಗೆ ಏಳೆಂಟು ವರ್ಷಗಳಲ್ಲಿ ಸಾಲುಸಾಲಾಗಿ ಶಾಲೆಗಳು ಎದ್ದವು. ಬ್ರಿಟಿಷ್ ಸೈನ್ಯದಲ್ಲಿ ಐರಿಷ್ ಜನ ದೊಡ್ಡ ಸಂಖ್ಯೆಯಲ್ಲಿದ್ದರು, ಅವರು ಕ್ಯಾಥೊಲಿಕರು, ಬಡವರು. ಆಂಗ್ಲಿಕನ್ ಶಾಲೆ ಅವರ ಮನಸ್ಸಿಗೆ ಒಗ್ಗುವಂಥದ್ದಲ್ಲ. ಪುಣೆಯ ಪ್ರಧಾನ ಚರ್ಚಿಗೆ ಐರ್ಲೆಂಡಿನ ಸಂತ ಪ್ಯಾಟ್ರಿಕನ ಹೆಸರಿರುವುದು ಸುಮ್ಮನೆ ಅಲ್ಲ.

ಇದು ಪುಣೆಯೊಂದರ ಕಥೆಯೂ ಅಲ್ಲ. ಬೆಳಗಾವಿಯ ಕ್ಯಾಂಪಿನಲ್ಲಿ ಸೇಂಟ್ ಪಾಲ್ಸ್ ಹೈಸ್ಕೂಲ್ 1856ರಲ್ಲೇ ಆರಂಭವಾಗಿತ್ತು, ಪುಣೆಯ ಶಾಲೆಗಿಂತ ಹನ್ನೊಂದು ವರ್ಷ ಮೊದಲು. ಅದೂ ಇಂದು ಜೆಸ್ವಿಟರದೇ, ಅದರ ಹೆಸರೂ ಮೈದಾನದಿಂದಲೇ ಬೆಳೆದದ್ದು. 1886ರಲ್ಲಿ ಪುಣೆ ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಅದರ ಸೀಮೆ ದಖ್ಖನ್ನಿನ ಉದ್ದಕ್ಕೂ ಚಾಚಿ ಕನ್ನಡ ಜಿಲ್ಲೆಗಳವರೆಗೆ ಬರುತ್ತಿತ್ತು. ಪುಣೆ ಮತ್ತು ಗೋವೆಗಳಿಂದ ಭಾಗಗಳನ್ನು ಬಿಡಿಸಿ ಬೆಳಗಾವಿಗೆ ತನ್ನದೇ ಧರ್ಮಪ್ರಾಂತ್ಯ ಮಾಡಿಕೊಟ್ಟದ್ದು 1953ರಲ್ಲಿ. ಅಂದರೆ ಹೆಚ್ಚುಕಡಿಮೆ ಏಳು ದಶಕ, ಧಾರವಾಡದ ಕಡೆಯ ಕ್ಯಾಥೊಲಿಕ್ ಕುಟುಂಬವೊಂದಕ್ಕೆ ಪುಣೆ ದೂರದ ಮರಾಠಿ ಊರಲ್ಲ, ತನ್ನ ಬಿಷಪ್ಪರ ಊರು. ನಮ್ಮ ಏಕೀಕರಣದ ಚರಿತ್ರೆಯಲ್ಲಿ ಮುಂಬಯಿ ಪ್ರಾಂತದ ಕಚೇರಿ ಕಾಗದಗಳನ್ನು ಹುಡುಕುತ್ತೇವೆ, ಈ ಚರ್ಚಿನ ನಕ್ಷೆಯನ್ನು ನೋಡುವುದಿಲ್ಲ.

ಪುಣೆಗೆ ಬಂದ ಜೆಸ್ವಿಟರು ಯಾರು? ಕನ್ನಡ ನಾಡಿನ ಕ್ಯಾಥೊಲಿಕ್ ಶಾಲೆಗಳನ್ನು ಬಲ್ಲವರಿಗೆ ಈ ಪ್ರಶ್ನೆ ಮುಖ್ಯವೆನಿಸೀತು, ಏಕೆಂದರೆ ಒಂದೊಂದು ಊರಿಗೂ ಒಂದೊಂದು ದೇಶದ ಪಾದ್ರಿಗಳ ಛಾಪು ಬಿದ್ದಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ 1858ರಲ್ಲಿ ಆರಂಭವಾದದ್ದು ಪ್ಯಾರಿಸಿನ ವಿದೇಶಿ ಮಿಷನ್ನಿನ ಫ್ರೆಂಚರಿಂದ, ಜೆಸ್ವಿಟರ ಕೈಗೆ ಬಂದದ್ದು 1937ರಲ್ಲಿ. ಮಂಗಳೂರಿಗೆ 1878ರ ಕೊನೆಯ ದಿನ ಬಂದಿಳಿದು 1880ರಲ್ಲಿ ಸೇಂಟ್ ಅಲೋಶಿಯಸ್ ಕಟ್ಟಿದವರು ಇಟಲಿಯವರು. ಮುಂಬಯಿ ಪುಣೆಗಳಿಗೆ ಬಂದವರು ಜರ್ಮನರು. 1872ರಲ್ಲಿ ಬಿಸ್ಮಾರ್ಕನ ಸರ್ಕಾರ ಕಾನೂನು ಮಾಡಿ ಜೆಸ್ವಿಟರನ್ನು ಜರ್ಮನಿಯಿಂದಲೇ ಹೊರಹಾಕಿತು. ತಾಯ್ನಾಡಿನಲ್ಲಿ ಶಾಲೆ ನಡೆಸಲು ಅವಕಾಶವಿಲ್ಲದ, ಒಳ್ಳೆಯ ಪಾಂಡಿತ್ಯವಿದ್ದ ಶಿಕ್ಷಕರು ಹೊರದೇಶದ ಮಿಷನ್ನುಗಳಿಗೆ ಒದಗಿದರು. ಬಿಸ್ಮಾರ್ಕನ ಸಿಟ್ಟಿನ ಫಲ ಪುಣೆಯ ಹುಡುಗರಿಗೆ ದಕ್ಕಿತು ಎಂದರೆ ಅತಿಶಯೋಕ್ತಿಯಲ್ಲ.

ಜೆಸ್ವಿಟರ ಶಿಕ್ಷಣ ಪದ್ಧತಿಯ ಮೂಲಗ್ರಂಥ ‘ರೇಷಿಯೊ ಸ್ಟುಡಿಯೋರಂ’ 1599ರದು. ಅದರಲ್ಲಿ ಲ್ಯಾಟಿನ್, ವ್ಯಾಕರಣ, ವಾಗ್ವಾದಗಳೇ ಪ್ರಧಾನ. ಓದಿನ ನಡುವೆ ವಾರಕ್ಕೊಮ್ಮೆ ಬಿಡುವೂ ಬೇಕೆಂದು ಅದು ಹೇಳುತ್ತದೆಯಾದರೂ ಹಾಕಿ ಫುಟ್ಬಾಲುಗಳ ಸುಳಿವು ಅಲ್ಲಿರುವುದು ಸಾಧ್ಯವಿಲ್ಲ. ಆಟವನ್ನು ಶಿಕ್ಷಣದ ನಡುಮನೆಗೆ ತಂದವರು ಇಂಗ್ಲೆಂಡಿನ ಪ್ರಾಟೆಸ್ಟಂಟರು. ಎಂ.ಎ. ತರಗತಿಯಲ್ಲಿ ವಿಕ್ಟೋರಿಯಾ ಯುಗವನ್ನು ಓದಿದ ನನ್ನಂಥವರಿಗೆ ಥಾಮಸ್ ಹ್ಯೂಸನ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ (1857) ಎಂಬ ಕಾದಂಬರಿ ಹೆಸರಿಗಾದರೂ ಪರಿಚಿತ. ಗಟ್ಟಿ ದೇಹ, ಗಟ್ಟಿ ನಡತೆ, ಗಟ್ಟಿ ದೈವಭಕ್ತಿ ಒಂದೇ ಮೈದಾನದಲ್ಲಿ ಬೆಳೆಯುತ್ತವೆ ಎಂಬ ನಂಬಿಕೆಯನ್ನು ಆ ಪುಸ್ತಕ ಸಾಮ್ರಾಜ್ಯದ ಮೂಲೆಮೂಲೆಗೂ ಹರಡಿತು. ಆ ನಂಬಿಕೆಯಲ್ಲಿ ಆಳುವವರ ಅಹಂಕಾರವೂ ಬೆರೆತಿತ್ತು, ಅದನ್ನು ಮರೆಯಬಾರದು. ಆದರೆ ಕ್ಯಾಂಪಿನ ಕ್ಯಾಥೊಲಿಕ್ ಶಾಲೆಗೆ ಬೇರೊಂದು ಕಾರಣವೂ ಇದ್ದಿರಬೇಕೆಂದು ನನಗನ್ನಿಸುತ್ತದೆ. ಬ್ಯಾರಕ್ಕಿನ ಹುಡುಗನೊಬ್ಬನ ತಂದೆ ಇಂದು ಪುಣೆಯಲ್ಲಿ, ನಾಳೆ ಬರ್ಮಾದಲ್ಲಿ. ಸಂಜೆಯಾದರೆ ಅವನ ಮುಂದಿರುವುದು ಸಾರಾಯಿ ಅಂಗಡಿಗಳ ಬೀದಿ. ಜರ್ಮನ್ ಉಚ್ಚಾರದ ಇಂಗ್ಲಿಷಿನಲ್ಲಿ ಪಾದ್ರಿ ಎಷ್ಟು ಉಪದೇಶ ಮಾಡಿದರೂ ನಾಟದಿರುವುದು ಒಂದು ಚೆಂಡಿನಿಂದ ನಾಟುತ್ತದೆ. ಸಂಜೆ ಐದರಿಂದ ಏಳರವರೆಗೆ ಹುಡುಗ ಎಲ್ಲಿದ್ದಾನೆ ಎಂಬುದು ಶಾಲೆಗೆ ಗೊತ್ತಿರುತ್ತದೆ.

ಸುತ್ತಲ ವಾತಾವರಣವೂ ಆಟದ್ದೇ ಆಗಿತ್ತು. ಇಂದಿನ ಬ್ಯಾಡ್ಮಿಂಟನ್ನಿನ ಪೂರ್ವರೂಪಕ್ಕೆ ‘ಪೂನಾ’ ಎಂದೇ ಹೆಸರಿತ್ತು, ಅದರ ನಿಯಮಗಳು 1873ರಲ್ಲಿ ಇಲ್ಲಿಯೇ ರೂಪುಗೊಂಡವು. ಶಿಮ್ಲಾದಲ್ಲಿ 1888ರಲ್ಲಿ ಡ್ಯುರಾಂಡ್ ಕಪ್, ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಆರಂಭವಾದಾಗ ಆಡಿದವರು ರೆಜಿಮೆಂಟಿನ ಗೋರಾಗಳು. ರೋವರ್ಸ್ ಕಪ್ಪನ್ನು ಮೊಟ್ಟಮೊದಲು ಗೆದ್ದ ಭಾರತೀಯ ತಂಡ ಯಾವುದೆಂದರೆ ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಬೆಂಗಳೂರಿನ ದಂಡಿನ ಮಣ್ಣಿನಲ್ಲಿ ಕಲಿತ ಆಟವದು. ದಂಡಿನ ಆಟ ದಂಡಿನ ಆಚೆಗೆ ಹರಿಯಲು ಅರ್ಧ ಶತಮಾನ ಬೇಕಾಯಿತು.

ಹರಿಯಲು ಅಡ್ಡಿಯಾದದ್ದು ಬಿಳಿಯರ ಬೇಲಿಯೊಂದೇ ಅಲ್ಲ. ಕಾಶ್ಮೀರದ ಮಿಷನ್ ಶಾಲೆಗೆ ಟಿಂಡೇಲ್ ಬಿಸ್ಕೋ 1891ರಲ್ಲಿ ಫುಟ್ಬಾಲ್ ತಂದಾಗ, ಅದು ಚರ್ಮದ್ದೆಂಬ ಕಾರಣಕ್ಕೆ ಬ್ರಾಹ್ಮಣ ಹುಡುಗರು ಮುಟ್ಟಲು ಒಪ್ಪಲಿಲ್ಲ. ಪುಣೆಯಲ್ಲಿ ಇದಕ್ಕಿಂತ ನೋವಿನ ಕಥೆಯೊಂದಿದೆ, ಅದರ ನಾಯಕ ಹುಟ್ಟಿದ್ದು ಧಾರವಾಡದಲ್ಲಿ.

ಪಾಲವಣಕರ ಬಾಳೂ ಅವರು 1876ರಲ್ಲಿ ಧಾರವಾಡದಲ್ಲಿ ಚಮ್ಮಾರ ಕುಟುಂಬದಲ್ಲಿ ಜನಿಸಿದರು. ತಂದೆ ಸೈನ್ಯದ ನೌಕರಿಯಲ್ಲಿದ್ದುದರಿಂದ ಸಂಸಾರ ಪುಣೆಗೆ ಬಂತು. ಅಧಿಕಾರಿಗಳು ಬಿಸಾಡಿದ ಬ್ಯಾಟು ಚೆಂಡುಗಳಲ್ಲಿ ಬಾಳೂ ಮತ್ತು ತಮ್ಮಂದಿರು ಆಟ ಕಲಿತರು. ಶಾಲೆಯನ್ನು ಬೇಗನೆ ಬಿಟ್ಟು, ಮೊದಲು ಪಾರ್ಸಿ ಕ್ಲಬ್ಬೊಂದರಲ್ಲಿ, ಅನಂತರ ಐರೋಪ್ಯರ ಪೂನಾ ಕ್ಲಬ್ಬಿನಲ್ಲಿ ಪಿಚ್ ಗುಡಿಸುವ, ರೋಲರ್ ಎಳೆಯುವ, ಬಲೆ ಕಟ್ಟುವ ಕೆಲಸಕ್ಕೆ ಸೇರಿದರು. ಸಂಬಳ ತಿಂಗಳಿಗೆ ನಾಲ್ಕು ರೂಪಾಯಿ. ಅಭ್ಯಾಸಕ್ಕೆ ಬರುವ ಇಂಗ್ಲಿಷರಿಗೆ, ಮುಖ್ಯವಾಗಿ ಗ್ರೇಗ್ ಎಂಬ ಖ್ಯಾತ ಬ್ಯಾಟುಗಾರನಿಗೆ, ಗಂಟೆಗಟ್ಟಲೆ ಚೆಂಡೆಸೆದೆಸೆದು ಅವರು ಎಡಗೈ ಸ್ಪಿನ್ ಬೌಲಿಂಗಿನಲ್ಲಿ ದೇಶಕ್ಕೇ ದೊಡ್ಡವರಾದರು. ಅವರಿಗೆ ಬೌಲಿಂಗ್ ಮಾಡಲು ಕೊಟ್ಟರು, ಬ್ಯಾಟ್ ಹಿಡಿಯಲು ಕೊಡಲಿಲ್ಲ. ಯುರೋಪಿಯನ್ನರನ್ನು ಸೋಲಿಸಲೇಬೇಕೆಂಬ ಹಟದಿಂದ ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟಬಹುದಿತ್ತು. ಚಹಾದ ವೇಳೆಗೆ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಅವರ ಪಾಲು. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು ಇವರೇ. ಆದರೂ ಹಿಂದೂ ತಂಡದ ನಾಯಕತ್ವ ಅವರ ಕೈಗೆ ಬರಲಿಲ್ಲ, 1923ರಲ್ಲಿ ತಮ್ಮ ವಿಠ್ಠಲನಿಗೆ ಬಂತು.

ಸೇಂಟ್ ವಿನ್ಸೆಂಟ್ಸ್ ಶಾಲೆಯ ಮೈದಾನದಲ್ಲಿ ಹುಡುಗರು ಚೆಂಡಾಡುತ್ತಿದ್ದ ಅದೇ ವರ್ಷಗಳಲ್ಲಿ, ಅದೇ ಊರಿನಲ್ಲಿ, ಧಾರವಾಡದಲ್ಲಿ ಹುಟ್ಟಿದ ಹುಡುಗನೊಬ್ಬ ಬೇರೆಯವರ ಆಟಕ್ಕಾಗಿ ನೆಲ ಗುಡಿಸುತ್ತಿದ್ದ. ಇದರಲ್ಲಿ ಆ ಶಾಲೆಯ ದೋಷವನ್ನು ನಾನು ಹುಡುಕುತ್ತಿಲ್ಲ. ಆಟದ ಮೈದಾನ ಎಲ್ಲರನ್ನೂ ಸಮಾನರನ್ನಾಗಿಸುತ್ತದೆ ಎಂದು ಶಾಲೆಗಳ ವಾರ್ಷಿಕೋತ್ಸವದಲ್ಲಿ ಕೇಳಿಬರುವ ಮಾತಿಗೆ, ಮೈದಾನದೊಳಗೆ ಬರಲು ಸಾಧ್ಯವಾದವರನ್ನು ಎಂಬ ಎರಡು ಪದ ಸೇರಿಸಿಕೊಳ್ಳಬೇಕು, ಅಷ್ಟೆ.

ಇನ್ನೊಂದು ಹೆಸರನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1906ರಲ್ಲಿ ಊರಿನ ಜನ ಕಟ್ಟಿಕೊಂಡ ಡೆಕ್ಕನ್ ಜಿಮಖಾನಾ, ಕ್ಯಾಂಪಿನ ಕ್ಲಬ್ಬುಗಳಿಗೆ ಒಂದು ಬಗೆಯ ಉತ್ತರವಾಗಿತ್ತು. ಅದರ ಕ್ರೀಡಾಕೂಟಕ್ಕೆ ಅತಿಥಿಯಾಗಿ ಬಂದ ದೊರಾಬ್ಜಿ ಟಾಟಾ ಅವರು ಬರಿಗಾಲಲ್ಲಿ ಓಡುವ ರೈತರ ಮಕ್ಕಳನ್ನು ಕಂಡು ಬೆರಗಾದರು. ಆ ಬೆರಗಿನಿಂದಲೇ 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಭಾರತದ ಮೊದಲ ತಂಡ ಹೊರಟದ್ದು. ಅದರಲ್ಲಿ ಮ್ಯಾರಥಾನ್ ಓಡಿ, 2 ಗಂಟೆ 50 ನಿಮಿಷಗಳಲ್ಲಿ 19ನೆಯವರಾಗಿ ಗುರಿಮುಟ್ಟಿದವರು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ. ಹೆಸರಿನ ಆ ಎರಡು ‘ಅಪ್ಪ’ಗಳನ್ನು ಕಂಡೊಡನೆ ಯಾವ ಸೀಮೆಯವರೆಂದು ನಮಗೆ ಯಾರೂ ಹೇಳಬೇಕಾಗಿಲ್ಲ. ಮ್ಯಾರಥಾನಿಗೆ ಬೇಲಿಯಿಲ್ಲ, ರಸ್ತೆಯಿದ್ದರೆ ಸಾಕು. ಹಾಕಿಗೆ ಹಾಗಲ್ಲ: ಸಮತಟ್ಟು ನೆಲ ಬೇಕು, ಕೋಲು ಬೇಕು, ಹನ್ನೊಂದು ಜನ ದಿನವೂ ಒಂದೇ ಹೊತ್ತಿಗೆ ಸೇರಬೇಕು. ಹೀಗಾಗಿ ಹಾಕಿ ಶಾಲೆ, ಸೈನ್ಯ, ರೈಲ್ವೆಗಳ ಆಟವಾಗಿಯೇ ಬೆಳೆಯಿತು. 1928ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಚಿನ್ನ ಗೆದ್ದ ಭಾರತದ ಹಾಕಿ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಂಗ್ಲೋ ಇಂಡಿಯನ್ನರಾಗಿದ್ದುದಕ್ಕೆ ಇದೇ ಕಾರಣ.

ಮೊದಲ ಮಹಾಯುದ್ಧ ಈ ಕಥೆಯನ್ನು ನಡುವೆ ಕತ್ತರಿಸಿತು. ಜರ್ಮನ್ ಪಾದ್ರಿಗಳು ರಾತ್ರೋರಾತ್ರಿ ಶತ್ರುದೇಶದ ಪ್ರಜೆಗಳಾದರು. ಅಹಮದನಗರದ ಬಂಧನ ಶಿಬಿರ, ಅನಂತರ ಗಡೀಪಾರು. ಮಂಗಳೂರು ಧಾರವಾಡಗಳ ಬಾಸೆಲ್ ಮಿಷನ್ನಿಗೆ ಏನಾಯಿತೆಂಬುದು ಕನ್ನಡಿಗರಿಗೆ ಗೊತ್ತು. ಕಿಟ್ಟೆಲರ ಪರಂಪರೆಯವರನ್ನು ಸಾಗಿಸಿದ ‘ಗೋಲ್ಕೊಂಡ’ ಹಡಗೇ ಜರ್ಮನ್ ಮಿಷನರಿಗಳನ್ನೆಲ್ಲ ಹೊತ್ತೊಯ್ದಿತು. ಪುಣೆಯ ಬಿಷಪ್ ಹೈನ್ರಿಚ್ ಡೋರಿಂಗ್ ಅವರ ಪಾಡು ಒಂದು ಕಾದಂಬರಿಗೆ ಸಾಕಾಗುವಷ್ಟಿದೆ. 1907ರಲ್ಲಿ ಪುಣೆಯ ಪೀಠವೇರಿದವರು ಯುದ್ಧದ ದೆಸೆಯಿಂದ ತಮ್ಮ ಊರಿಗೇ ಮರಳಲಾಗದೆ ಉಳಿದರು. 1921ರಲ್ಲಿ ಅವರನ್ನು ಜಪಾನಿನ ಹಿರೋಶಿಮಾಕ್ಕೆ ಕಳಿಸಿದರು. 1927ರಲ್ಲಿ ಮತ್ತೆ ಪುಣೆಯ ಪೀಠಕ್ಕೆ ಬಂದು 1948ರವರೆಗೆ ಇಲ್ಲಿಯೇ ಇದ್ದರು. ನಡುವೆ ತಾವು ಸೇವೆ ಸಲ್ಲಿಸಿದ ಹಿರೋಶಿಮಾ 1945ರಲ್ಲಿ ಬೂದಿಯಾದ ಸುದ್ದಿಯನ್ನು ಆ ವೃದ್ಧರು ಪುಣೆಯಲ್ಲಿ ಕೇಳಿರಬೇಕು. ಜರ್ಮನರು ತೆರವು ಮಾಡಿದ ಜಾಗಕ್ಕೆ ಕ್ರಮೇಣ ಸ್ವಿಸ್ ಜೆಸ್ವಿಟರು ಬಂದರು. ಭಾಷೆ ಅದೇ ಜರ್ಮನ್, ಪಾಸ್‌ಪೋರ್ಟ್ ಮಾತ್ರ ತಟಸ್ಥ ದೇಶದ್ದು! ಮುಂದಿನ ಕೆಲವು ದಶಕ ಪುಣೆಯ ಜೆಸ್ವಿಟ್ ಶಾಲೆಗಳ ಮೇಲೆ ಈ ಸ್ವಿಸ್ ಪಾದ್ರಿಗಳ ಗುರುತಿದೆ.

1947ರಲ್ಲಿ ಗೋರಾ ಪಲ್ಟಣಗಳು ಹೊರಟವು. ಆಂಗ್ಲೋ ಇಂಡಿಯನ್ ಕುಟುಂಬಗಳೂ ಒಂದೊಂದಾಗಿ ಇಂಗ್ಲೆಂಡ್, ಆಸ್ಟ್ರೇಲಿಯಾಗಳ ಹಡಗು ಹತ್ತಿದವು. ಯಾರಿಗಾಗಿ ಶಾಲೆ ಹುಟ್ಟಿತ್ತೋ ಅವರೇ ಇಲ್ಲದಂತಾದಾಗ ಇಂಥ ಶಾಲೆಗಳು ಸೊರಗಬೇಕಿತ್ತು. ಆದದ್ದು ಅದಕ್ಕೆ ವಿರುದ್ಧ. ಪಾರ್ಸಿಗಳು, ಬೋಹರಾಗಳು, ಸಿಂಧ್‌ನಿಂದ ಬಂದ ನಿರಾಶ್ರಿತರು, ಮರಾಠಿ ಮಧ್ಯಮವರ್ಗ, ಮತ್ತು ದಕ್ಷಿಣದಿಂದ ಬಂದ ನಾವು. ಈ ‘ನಾವು’ ಎಂಬುದರಲ್ಲಿ ಉಡುಪಿ ಹೋಟೆಲಿನವರಿದ್ದರು, ರೈಲ್ವೆಯವರಿದ್ದರು, ದೊಡ್ಡ ಪಾಲು ಕೇಂದ್ರ ಸರ್ಕಾರಿ ನೌಕರರಿದ್ದರು. ಹವಾಮಾನ ಇಲಾಖೆ ಶಿಮ್ಲಾದಿಂದ ಪುಣೆಗೆ 1928ರಲ್ಲೇ ಬಂದಿತ್ತು. 1950ರಲ್ಲಿ ಪಾಷಾಣದ ಬಳಿ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಆಮೇಲೆ ಖಡಕವಾಸಲೆಯಲ್ಲಿ ರಕ್ಷಣಾ ಅಕಾಡೆಮಿ, ರಕ್ಷಣಾ ಲೆಕ್ಕಪತ್ರದ ಕಚೇರಿಗಳು, ಸಂಶೋಧನಾಲಯಗಳು. ವರ್ಗಾವಣೆಯ ಆದೇಶ ಕೈಯಲ್ಲಿ ಹಿಡಿದು ಸಾಮಾನು ಇಳಿಸುವ ನೌಕರನಿಗೆ ಮೊದಲ ಚಿಂತೆ ಮನೆಯದು, ಎರಡನೆಯದು ಶಾಲೆಯದು. ಅದೇ ಸೇವೆಯಲ್ಲಿರುವ ನನಗೆ ಇದು ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಲ್ಲ. ಕನ್ನಡ ಮಾಧ್ಯಮವಿಲ್ಲ. ಮರಾಠಿ ಮಾಧ್ಯಮದಲ್ಲಿ ಸೇರಿಸಿದರೆ ಮುಂದಿನ ವರ್ಗಾವಣೆಯಲ್ಲಿ ಮಗು ಅತಂತ್ರ. ಉಳಿಯುವುದು ಇಂಗ್ಲಿಷ್ ಶಾಲೆ.

ಹೊಸ ಊರಿನಲ್ಲಿ, ಗೊತ್ತಿಲ್ಲದ ಭಾಷೆಯ ನಡುವೆ ತರಗತಿಗೆ ಹೋಗಿ ಕೂತ ಮಗುವಿಗೆ ಮೊದಲ ಗೆಳೆಯ ಸಿಗುವುದು ಎಲ್ಲಿ? ಪಾಠದಲ್ಲಿ ಅದು ಮೂಕ, ಊಟದ ಡಬ್ಬಿಯಲ್ಲಿ ಅದು ಬೇರೆ, ಹೆಸರಿನ ಉಚ್ಚಾರದಲ್ಲಿಯೂ ಬೇರೆ. ಗೋಲಿನ ಮುಂದೆ ನಿಲ್ಲಿಸಿ ಚೆಂಡು ತಡೆಯಲು ಹೇಳಿದರೆ ಅಲ್ಲಿ ಭಾಷೆ ಬೇಕಿಲ್ಲ. ಆಡುತ್ತ ಆಡುತ್ತ ‘ಇಕಡೆ’, ‘ಪಾಸ್ ದೇ’, ‘ಅರೇ ಮಾರ್ ನಾ’ ಎಂಬ ಮರಾಠಿ, ಹಿಂದಿ, ಇಂಗ್ಲಿಷುಗಳ ಕಲಸುಮೇಲೋಗರ ನಾಲಿಗೆಗೆ ಹತ್ತುತ್ತದೆ. ಶನಿವಾರದ ಮಧ್ಯಾಹ್ನ ಪುಣೆಯ ಯಾವ ಶಾಲೆಯ ಮೈದಾನದ ಬಳಿ ನಿಂತರೂ ಈ ಭಾಷೆ ಕಿವಿಗೆ ಬೀಳುತ್ತದೆ. ವರ್ಗಾವಣೆಯ ಮಕ್ಕಳಿಗೆ ಆಟದಿಂದ ಸಿಗುವ ದೊಡ್ಡ ಲಾಭ ಪದಕವಲ್ಲ, ಊರಿನೊಳಗೆ ಪ್ರವೇಶ.

ಈ ಹೊಸ ಅಗತ್ಯಕ್ಕೆ ಜೆಸ್ವಿಟರು ಬೇಗನೆ ಸ್ಪಂದಿಸಿದರು. ಪಾಷಾಣ ರಸ್ತೆಯಲ್ಲಿ ಲೊಯೋಲಾ ಹೈಸ್ಕೂಲ್ 1961ರಲ್ಲಿ ಆರಂಭವಾಯಿತು. ಪಾನಶೆತ್ ಅಣೆಕಟ್ಟು ಒಡೆದು ನದಿದಂಡೆಯ ಪೇಠಗಳು ಕೊಚ್ಚಿಹೋದ ವರ್ಷವದು. ಅದನ್ನು ಕಟ್ಟಿ ಬೆಳೆಸಿದ ಸ್ವಿಸ್ ಪಾದ್ರಿ ಫಾದರ್ ಶೋಕ್ ಅವರ ಹೆಸರಿನಲ್ಲಿ ಅಂತರಶಾಲಾ ಫುಟ್ಬಾಲ್ ಪಂದ್ಯಾವಳಿ ನಡೆದುಬಂದಿದೆ. ಶಿಕ್ಷಕನೊಬ್ಬನ ನೆನಪಿಗೆ ಪ್ರತಿಮೆ ನಿಲ್ಲಿಸುವುದಕ್ಕಿಂತ ಇದು ಮೇಲಲ್ಲವೆ? ದೇಶದ ಮಟ್ಟದಲ್ಲಿಯೂ ಶಾಲಾ ಆಟಕ್ಕೆ ಆಗ ಒಳ್ಳೆಯ ಗಾಳಿ ಬೀಸುತ್ತಿತ್ತು. ವಾಯುಸೇನೆಯ ಮುಖ್ಯಸ್ಥರಾಗಿದ್ದ ಸುಬ್ರತೊ ಮುಖರ್ಜಿಯವರ ಹೆಸರಿನ ಶಾಲಾ ಫುಟ್ಬಾಲ್ ಕಪ್ 1960ರದು.

ಸೇಂಟ್ ವಿನ್ಸೆಂಟ್ಸಿನಿಂದ ಹೊರಬಂದ ಪುಣೆಯ ಕನ್ನಡ ಮನೆತನಗಳ ಮಕ್ಕಳಲ್ಲಿ ಎಲ್ಲರಿಗೂ ತಿಳಿದ ಹೆಸರು ಸುರೇಶ್ ಕಲ್ಮಾಡಿ ಅವರದು. ತಂದೆ ಡಾ. ಶಾಮರಾವ್ ಕಲ್ಮಾಡಿಯವರ ಹೆಸರು ಪುಣೆ ಕನ್ನಡ ಸಂಘದ ಶಾಲೆಗಿದೆ. ಮಗ ಸೇಂಟ್ ವಿನ್ಸೆಂಟ್ಸ್, ಫರ್ಗ್ಯೂಸನ್, ರಕ್ಷಣಾ ಅಕಾಡೆಮಿ, ವಾಯುಸೇನೆ, ಅನಂತರ ರಾಜಕಾರಣ ಎಂದು ಸಾಗಿದವರು. 1983ರಲ್ಲಿ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ ಆರಂಭಿಸಿದವರು, 1996ರಿಂದ ಭಾರತೀಯ ಒಲಿಂಪಿಕ್ ಸಂಸ್ಥೆಯ ಅಧ್ಯಕ್ಷರಾದವರು. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಪ್ರಕರಣಗಳನ್ನು ಪತ್ರಿಕೆಗಳು ಬೇಕಾದಷ್ಟು ಬರೆದಿವೆ, ಆ ಚರ್ಚೆ ಇಲ್ಲಿ ಬೇಡ. ನನಗೆ ಕುತೂಹಲ ಹುಟ್ಟಿಸುವುದು ಒಂದೇ ಮನೆಯ ಎರಡು ಶಾಲೆಗಳು. ತಂದೆಯ ಹೆಸರು ಕನ್ನಡ ಸಂಘದ ಶಾಲೆಯ ಮೇಲೆ, ಮಗನ ಓದು ಕ್ಯಾಂಪಿನ ಜೆಸ್ವಿಟ್ ಶಾಲೆಯಲ್ಲಿ. ಹೊರನಾಡ ಕನ್ನಡಿಗರ ಇಬ್ಬಂದಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಇಬ್ಬಂದಿ ಎಂದೆ. ಬಯಲಿನಲ್ಲಿ ಮಗು ಎಲ್ಲ ಭಾಷೆಗಳನ್ನೂ ಕಲಿಯುತ್ತದೆ, ಕನ್ನಡವೊಂದನ್ನು ಬಿಟ್ಟು. ತರಗತಿಯಲ್ಲಿ ಇಂಗ್ಲಿಷ್ ಮತ್ತು ಹಿಂದಿ. 2020ರ ಕಾಯಿದೆಯ ಮೇಲೆ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲಿ ಮರಾಠಿ ಕಡ್ಡಾಯ, ಅದು ನ್ಯಾಯವೇ. ಕನ್ನಡಕ್ಕೆ ಉಳಿಯುವುದು ಮನೆಯ ಸಂಜೆಯ ಹೊತ್ತು. ಆ ಸಂಜೆಯನ್ನೇ ಆಟ ತೆಗೆದುಕೊಳ್ಳುತ್ತದೆ! ಏಳು ಗಂಟೆಗೆ ಮೊಣಕಾಲು ತರಚಿಕೊಂಡು, ಹಸಿದು, ನಿದ್ದೆಗಣ್ಣಿನಲ್ಲಿ ಬರುವ ಹುಡುಗನ ಮುಂದೆ ಕನ್ನಡ ಬಾಲಬೋಧೆ ಇಟ್ಟು ನೋಡಿ. ಅಕ್ಷರ ಮೊದಲೋ ಆಟ ಮೊದಲೋ ಎಂಬ ಈ ವಾಗ್ವಾದ ಹೊರನಾಡಿನ ಅನೇಕ ಮನೆಗಳಲ್ಲಿ ನಡೆದಿದೆ, ಬಹುಪಾಲು ಆಟವೇ ಗೆದ್ದಿದೆ. ಆಟ ಗೆದ್ದದ್ದಕ್ಕೆ ನನಗೆ ದುಃಖವಿಲ್ಲ. ಕನ್ನಡ ಸಂಘಗಳು ಕನ್ನಡ ತರಗತಿಯನ್ನು ಮುಚ್ಚಿದ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ, ಮಗ್ಗಿ ಒಪ್ಪಿಸುವಂತೆ ನಡೆಸಿದ್ದೇ ಸೋಲಿಗೆ ಕಾರಣವಿರಬಹುದು. ಕನ್ನಡದಲ್ಲಿ ಕೂಗಿ ಆಡುವ ಒಂದು ಕಬಡ್ಡಿ, ಒಂದು ಕ್ರಿಕೆಟ್ ತಂಡವನ್ನು ನಾವು ಕಟ್ಟಿದ್ದು ಎಷ್ಟು ಕಡೆ?

ಇನ್ನು ಬೇಲಿಯ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಪುಣೆಯಲ್ಲಿ ನೆಲದ ಬೆಲೆ ಎಲ್ಲಿಗೆ ಮುಟ್ಟಿದೆಯೆಂದು ಬಲ್ಲವರಿಗೆ ಆ ಸಾಲು ಹೇಗೆ ಪಾಲನೆಯಾಗುತ್ತಿದೆಯೆಂಬುದೂ ಗೊತ್ತು. ಮಹಡಿಯ ಮೇಲೆ ಬಲೆ ಕಟ್ಟಿ ‘ಸ್ಪೋರ್ಟ್ಸ್ ಟರ್ಫ್’ ಎಂದು ಫಲಕ ಹಾಕಿದ ಶಾಲೆಗಳನ್ನು ನೋಡಿದ್ದೇನೆ. ಹತ್ತೊಂಬತ್ತನೆಯ ಶತಮಾನದಲ್ಲಿ ದಂಡಿನಲ್ಲಿ ನೆಲ ಪಡೆದ ಹಳೆಯ ಶಾಲೆಗಳಿಗೆ ಇರುವ ಬಯಲು ಇಂದು ಯಾರೂ ಹೊಸದಾಗಿ ಕೊಳ್ಳಲಾಗದ ಆಸ್ತಿ. ಅದೇ ಕಾಯಿದೆ ಬಡ ಮಕ್ಕಳಿಗೆ ಶೇಕಡಾ 25 ಸ್ಥಾನ ಮೀಸಲಿಡಬೇಕೆಂದೂ ಹೇಳಿತು. 2014ರಲ್ಲಿ ಸುಪ್ರೀಂ ಕೋರ್ಟ್ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಅಲ್ಪಸಂಖ್ಯಾತರ ಹಕ್ಕು ಸಂವಿಧಾನ ಕೊಟ್ಟದ್ದು, ಅದನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೂ ಬಾಳೂ ಅವರ ಊರಿನಲ್ಲಿ, ಶಾಲೆ ಮುಗಿದ ಮೇಲೆ, ರಜಾದಿನಗಳಲ್ಲಿ ಆ ಗೇಟು ಪಕ್ಕದ ಮುನಿಸಿಪಲ್ ಶಾಲೆಯ ಮಕ್ಕಳಿಗೆ ತೆರೆದಿರಬೇಕು ಎಂದು ನಾನು ವಾದಿಸುತ್ತೇನೆ. ಇದು ಕ್ಯಾಥೊಲಿಕ್ ಶಾಲೆಗಳಿಗಷ್ಟೇ ಹೇಳುವ ಮಾತಲ್ಲ. ಬಯಲುಳ್ಳ ಎಲ್ಲ ಸಂಸ್ಥೆಗಳಿಗೂ, ನನ್ನಂಥವರು ವಾಸಿಸುವ ಸರ್ಕಾರಿ ಕಾಲೋನಿಗಳಿಗೂ ಸಲ್ಲುವ ಮಾತು. ನಮ್ಮ ಕಾಲೋನಿಗಳ ಆಟದ ಬಯಲಿಗೂ ಬೀಗವಿದೆ, ಒಳಗೆ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ.

ಬೆಳಗಾವಿಯಲ್ಲಿ ಸೇಂಟ್ ಪಾಲ್ಸಿನ ಹಳೆಯ ವಿದ್ಯಾರ್ಥಿಗಳು ಫಾದರ್ ಎಡ್ಡಿ ಸ್ಮಾರಕ ಫುಟ್ಬಾಲ್ ಪಂದ್ಯಾವಳಿ ನಡೆಸುತ್ತಾರೆ. ಊರಿನ ಬೇರೆ ಬೇರೆ ಶಾಲೆಗಳ ತಂಡಗಳು ಅಲ್ಲಿ ಆಡುತ್ತವೆ. ಕನ್ನಡ ಮರಾಠಿ ಎಂದರೆ ಗಡಿ ತಂಟೆಯೇ ನೆನಪಾಗುವ ಊರಿನಲ್ಲಿ, ಎರಡೂ ಮನೆಮಾತಿನ ಹುಡುಗರು ಒಂದೇ ಬಣ್ಣದ ಅಂಗಿ ತೊಟ್ಟು ಆಡುವುದು ಸುದ್ದಿಯಾಗುವುದಿಲ್ಲ.

ಪುಣೆಯ ಕನ್ನಡಿಗರ ಚರಿತ್ರೆಯನ್ನು ಬರೆಯಬೇಕೆಂದು ನಮ್ಮ ಬಳಗದಲ್ಲಿ ಆಗಾಗ ಮಾತು ಬರುತ್ತದೆ. ಸಂಘದ ನಡಾವಳಿ ಪುಸ್ತಕಗಳು, ನಾಟಕದ ಕರಪತ್ರಗಳು, ಸನ್ಮಾನದ ಚಿತ್ರಗಳು ಹೇಗೂ ಸಿಗುತ್ತವೆ. ಅವುಗಳ ಜತೆಗೆ ಇನ್ನೊಂದನ್ನೂ ಕೂಡಿಸಬೇಕೆಂದು ನನ್ನ ಕೋರಿಕೆ. 1950, 60, 70ರ ದಶಕಗಳಲ್ಲಿ ಕ್ಯಾಂಪಿನ ಅಥವಾ ಪಾಷಾಣದ ಶಾಲೆಗಳಲ್ಲಿ ಓದಿದವರ ಮನೆಯ ಅಟ್ಟದ ಮೇಲೆ, ಹಳೆಯ ಟ್ರಂಕಿನಲ್ಲಿ, ಹಾಕಿ ಕೋಲು ಹಿಡಿದು ಎರಡು ಸಾಲಾಗಿ ಕುಳಿತ, ನಿಂತ ಹುಡುಗರ ಕಪ್ಪುಬಿಳುಪು ಚಿತ್ರಗಳು ಇದ್ದೇ ಇರುತ್ತವೆ. ನಡುವೆ ಬಿಳಿ ನಿಲುವಂಗಿಯ ಪಾದ್ರಿಯೊಬ್ಬರು. ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಹೆಸರುಗಳಲ್ಲಿ ಒಂದು ಡಿಸೋಜ, ಒಂದು ಇರಾನಿ, ಒಂದು ಕುಲಕರ್ಣಿ, ಒಂದು ಶೆಟ್ಟಿ. ಆ ಕುಲಕರ್ಣಿ ಮರಾಠಿಯೋ ಕನ್ನಡವೋ ಎಂದು ಹೇಳಬಲ್ಲವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕಂಡು ಕೇಳಿ, ಹೆಸರಿನ ಪಕ್ಕದಲ್ಲಿ ಊರನ್ನೂ ಮನೆಮಾತನ್ನೂ ಬರೆದಿಟ್ಟುಕೊಳ್ಳುವ ಕೆಲಸ ಈ ಮಳೆಗಾಲ ಕಳೆಯುವುದರೊಳಗೆ ಆರಂಭವಾಗಬೇಕು.